ವನಮಾನುಷನ ಅಳತೆಗೆ ಹೊಲಿದ ಕೊರಳಪಟ್ಟಿ

ಯಾರೂ ಕಂಡಿರದ ಪ್ರಾಣಿಯ ಕುತ್ತಿಗೆಗೆ ನಾನು ಪಟ್ಟಿ ಹೊಲಿದಿದ್ದೇನೆ. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನಾನು ಹಾಕಿದ ಹೊಲಿಗೆ ಮಾತ್ರ ತಾನಾಗಿ ಬಿಚ್ಚಲಿಲ್ಲ.

ಮೊಮ್ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಅವಳು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದರೆ ಹುಲಿ ತಾನೇ ಒಂದು ಚುಕ್ಕೆಯಾಗಿ ಅವಳ ಕಂಪ್ಯೂಟರಿಗೆ ಬಂದು ಕೂಡುತ್ತದೆ. “ಅಜ್ಜಿ, ನಿಮ್ಮ ಟೈಮಿನ್ಯಾಗ ಹೆಂಗ ಮಾಡತಿದ್ರಿ?” ಎಂದು ಕೇಳಿದಳು. ಆಯಿತು, ಬರೆಯುತ್ತೇನೆ. ಅವಳಿಗೆ ಕನ್ನಡ ಓದುವುದು ಅಷ್ಟಕ್ಕಷ್ಟೇ, ಅವಳ ತಾಯಿ ಓದಿ ಹೇಳಲಿ. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಅದು ಕುರ್ಚಿಯಲ್ಲಿ ಕೂತಿದ್ದವರಿಗೂ ಆಗುತ್ತದೆ.

ನಾನು ಹುನಗುಂದದ ಕಡೆಯವಳು, ಹೆಸರು ಶಾಂತವ್ವ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ. ಗಂಡನಿಗೆ ನಾಗಪುರದ ರೇಲ್ವೆಯಲ್ಲಿ ನೌಕರಿ. ನಾನು ಪಕ್ಕದ ಕಾಮಠಿಯ ಒಂದು ಅಂಗಡಿಯಲ್ಲಿ ಫೌಜಿನವರ ಕ್ಯಾನ್ವಾಸ್ ಚೀಲ, ಚರ್ಮದ ಪಟ್ಟಿ, ಕುದುರೆಯ ಜೀನು ಹೊಲಿಯುತ್ತಿದ್ದೆ. ದಪ್ಪ ಚರ್ಮಕ್ಕೆ ದಬ್ಬಣ ಹಾಕುವ ಹೆಂಗಸು ಆ ಬಜಾರದಲ್ಲಿ ನಾನೊಬ್ಬಳೇ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ದಿನ ಪಾಠಕ ಸಾಹೇಬರು ಅಂಗಡಿಗೆ ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದನ್ನು ಬಿಟ್ಟು, ನಾಗಪುರದ ಸದರ್ ಪೇಟೆಯಲ್ಲಿ ಎರಡು ಕೋಣೆ ಹಿಡಿದು, ದಿಲ್ಲಿ ಸರಕಾರದ ಹಣದಲ್ಲಿ ಕಾಡುಪ್ರಾಣಿಗಳಿಗೆ ರೇಡಿಯೋ ಕಟ್ಟುವ ಕೆಲಸ ಆರಂಭಿಸಿದ್ದ ಮನುಷ್ಯ. ಅವರು ಮಾತಾಡಿದ್ದು ಮರಾಠಿ. ನಾನು ಎಲ್ಲರ ಮಾತನ್ನೂ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

“ಬಾಯಿ, ಮಂಗನ ಕುತ್ತಿಗೆಗೆ ಪಟ್ಟಿ ಹೊಲೀತೀರಾ?”

“ಕುದುರಿಗೆ ಹೊಲೀತೀನ್ರೀ. ಮಂಗ್ಯಾ ನಿಂತು ಅಳತಿ ಕೊಡತೈತೇನು?”

“ಅಳತೆ ನಾನು ತರತೀನಿ,” ಎಂದು ಹೋದರು. ಮತ್ತೆ ಬಂದಾಗ ಅವರ ಕೈಯಲ್ಲಿ ಗೋಣಿಚೀಲ. ಅದರೊಳಗೆ ಕರೆಂಟಿನ ತಂತಿ ತಗುಲಿ ಸತ್ತ ಒಂದು ಮುಸುವ, ಕರಿ ಮೋರೆಯ ಉದ್ದ ಬಾಲದ ಮಂಗ. ಅಂಗಡಿಯ ಮಾಲಕ ಎದ್ದು ಬೀದಿಗೆ ಓಡಿದ. ನಾನು ಟೇಪು ತೆಗೆದುಕೊಂಡು ಕುತ್ತಿಗೆ ಅಳೆದೆ. ಅವತ್ತೇ ಸಾಹೇಬರು ನನ್ನನ್ನು ಕೆಲಸಕ್ಕೆ ಕರೆದರು.

ಮನೆಯಲ್ಲಿ ಗಂಡನಿಗೆ ಹೇಳಿದೆ.

“ಮಂಗ್ಯಾನ ಕೊಳ್ಳಿಗೆ ಬೆಲ್ಟ್ ಹೊಲೀತಿ. ನನ್ನ ಅಂಗಿಗೆ ಒಂದ ಗುಂಡಿ ಹಚ್ಚಾಕ ನಿನಗ ಪುರಸೊತ್ತಿಲ್ಲ,” ಎಂದರು.

“ಮಂಗ್ಯಾಗ ತಾನಾಗಿ ಹಚ್ಚಿಕೊಳ್ಳಾಕ ಬರೂದಿಲ್ಲ. ನಿಮಗ ಬರತೈತಿ,” ಎಂದೆ. ಅವತ್ತಿನಿಂದ ಗುಂಡಿಯನ್ನು ಅವರೇ ಹಚ್ಚಿಕೊಂಡರು.

ಕೆಲಸ ಏನೆಂದು ಹೇಳುತ್ತೇನೆ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ಟ್ರಾನ್ಸ್‌ಮಿಟರ್. ಅದನ್ನು ಪಟ್ಟಿಯಲ್ಲಿ ಹೊಲಿದು ಪ್ರಾಣಿಯ ಕುತ್ತಿಗೆಗೆ ಕಟ್ಟಿದರೆ ಅದು ಟಿಕ್ ಟಿಕ್ ಎಂದು ಸುದ್ದಿ ಕಳಿಸುತ್ತಲೇ ಇರುತ್ತದೆ. ನಾವು ಮೀನಿನ ಮುಳ್ಳಿನ ಆಕಾರದ ಆಂಟೆನಾ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿ ಸುತ್ತ ತಿರುಗಬೇಕು. ಯಾವ ಕಡೆ ಟಿಕ್ ಜೋರೋ ಪ್ರಾಣಿ ಆ ಕಡೆ. ಒಂದು ಗುಡ್ಡದ ಮೇಲೆ ನಾನು, ಇನ್ನೊಂದರ ಮೇಲೆ ರಜಾಕ್. ಇಬ್ಬರ ದಿಕ್ಕನ್ನೂ ನಕ್ಷೆಯ ಮೇಲೆ ಗೆರೆ ಎಳೆದರೆ ಗೆರೆ ಕೂಡಿದಲ್ಲಿ ಪ್ರಾಣಿ ಇದೆ ಎಂದು ತಿಳಿಯಬೇಕು. ರಜಾಕ್ ಸದರ್‌ನಲ್ಲಿ ಟ್ರಾನ್ಸಿಸ್ಟರ್ ರಿಪೇರಿ ಮಾಡುತ್ತಿದ್ದವನು. ಕೈ ಚಲೋ, ಬಾಯಿ ಅದಕ್ಕಿಂತ ಜೋರು. ನನ್ನನ್ನು ‘ಮಾವಶಿ’, ಅಂದರೆ ಚಿಗವ್ವ, ಎನ್ನುತ್ತಿದ್ದ.

ಇಷ್ಟೆಲ್ಲ ಮಾಡುತ್ತಿದ್ದುದು ಒಂದು ವನಮಾನುಷನಿಗಾಗಿ. ನಾಗಪುರದ ಉತ್ತರಕ್ಕೆ ಸಾತಪುಡಾ ಬೆಟ್ಟಗಳ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದರು: ಎರಡು ಕಾಲಿನ ಮೇಲೆ ನಡೆಯುತ್ತದೆ, ಮಂಗನೂ ಅಲ್ಲ, ಮನುಷ್ಯನೂ ಅಲ್ಲ. ಸಾಹೇಬರು ಹರೆಯದಲ್ಲಿ ಒಂದು ಹಳ್ಳದ ಕೆಸರಿನಲ್ಲಿ ಅಂಥದೊಂದು ಹೆಜ್ಜೆ ಕಂಡಿದ್ದರಂತೆ. ಅದು ಅವರ ತಲೆಯಿಂದ ಇಳಿಯಲೇ ಇಲ್ಲ. ಅವರ ಲೆಕ್ಕಾಚಾರ ಹೀಗಿತ್ತು. ನಾವು ಹೋದರೆ ವನಮಾನುಷ ಅಡಗುತ್ತದೆ, ಆದರೆ ಮುಸುವಗಳಿಂದ ಅಡಗಲು ಆಗದು. ಒಂದೊಂದು ಗುಂಪಿನ ಒಂದು ಹೆಣ್ಣು ಮುಸುವಕ್ಕೆ ರೇಡಿಯೋ ಕಟ್ಟೋಣ. ಹಣ್ಣು ಹೂವು ಬಿಟ್ಟ ಕಾಲದಲ್ಲೂ ಗುಂಪು ಒಂದು ಕಣಿವೆಯನ್ನು ಬಿಟ್ಟು ಹೋಯಿತೆಂದರೆ ಅಲ್ಲಿ ಅವುಗಳನ್ನು ಓಡಿಸಿದ್ದು ಏನೋ ಇದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಆ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ.

ಮೊದಲ ಪಟ್ಟಿಗಳು ಹಾಳಾದವು. ಮುಸುವಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತ ಕೂಡುತ್ತವಲ್ಲ, ಹಾಗೆ ಕೂತು ಪಟ್ಟಿಯಿಂದ ಹೊರಬಂದ ಆಂಟೆನಾ ತಂತಿಯನ್ನು ಒಂದಿನಿತೂ ಬಿಡದೆ ಕಡಿದು ತಿಂದವು. ಆಮೇಲೆ ತಂತಿಯನ್ನು ಎರಡು ಚರ್ಮದ ನಡುವೆ ಇಟ್ಟು ಹೊಲಿದೆ. ಕೊನೆಗೊಂದು ತುಂಡು ಹತ್ತಿ ಬಟ್ಟೆಯನ್ನೂ ಸೇರಿಸಿದೆ. ಅದು ಮಳೆಗೆ ನೆನೆದು ಕೊಳೆತು ಕಾಲಕ್ರಮದಲ್ಲಿ ಪಟ್ಟಿ ಉದುರಬೇಕು. ಪ್ರಾಣಿ ಸಾಯುವ ತನಕ ನಮ್ಮ ಬೆಲ್ಟು ಹೊತ್ತು ತಿರುಗಬೇಕೆಂದು ಯಾವ ಕಾಯದೆ ಇದೆ? ಆ ಬಟ್ಟೆಯ ಯೋಚನೆ ಸಾಹೇಬರದು, ಹೊಲಿಗೆ ನನ್ನದು.

ಹೊಸ ಪಟ್ಟಿಯನ್ನು ಊರಲ್ಲೇ ಪರೀಕ್ಷೆ ಮಾಡುತ್ತಿದ್ದೆವು. ರಜಾಕ್ ಅದನ್ನು ಜೇಬಿಗೆ ಹಾಕಿಕೊಂಡು ಸದರ್ ಬಜಾರದಲ್ಲಿ ಎಲ್ಲಿಯೋ ಅಡಗುವುದು, ನಾನು ಆಫೀಸಿನ ಮಾಳಿಗೆಯ ಮೇಲೆ ನಿಂತು ಹುಡುಕುವುದು. ಅವನು ಯಾವಾಗಲೂ ಚಹಾದ ಅಂಗಡಿಯಲ್ಲೇ ಸಿಗುತ್ತಿದ್ದ. ಒಂದು ಮಧ್ಯಾಹ್ನ ದಡದಡ ಬೂಟಿನ ಸಪ್ಪಳವಾಯಿತು. ಫೌಜಿನ ಛಾವಣಿಯ ಸಿಪಾಯಿಗಳು! ಯಾರೋ ಹೆಂಗಸು ವಾಯರ್‌ಲೆಸ್ ಹಿಡಿದು ನಿಂತಿದ್ದಾಳೆ ಎಂದು ದೂರು ಹೋಗಿತ್ತು. ಮೂರ್ನಾಲ್ಕು ಜವಾನರು, ಮುಂದೆ ಒಬ್ಬ ಹವಾಲ್ದಾರ. ಹಿಂದಿಯಲ್ಲಿ ಗದರಿದ. ನಾನು ಗಾಬರಿಯಾಗಿ ಕನ್ನಡದಲ್ಲೇ ಉತ್ತರ ಕೊಟ್ಟೆ. ಅವನ ಮುಖ ಬದಲಾಯಿತು.

“ಯಾವೂರ್ರೀ ಅವ್ವಾರ?”

“ಹುನಗುಂದ. ನಿಮ್ಮದು?”

“ಗೋಕಾಕ. ಇದೇನ್ ಹಿಡದೀರಿ?”

“ಇದರಿಂದ ವನಮಾನುಷನ್ನ ಹುಡುಕತೀವಿ.”

ಹವಾಲ್ದಾರ ಹಿಂದೆ ನಿಂತಿದ್ದ ಜವಾನರನ್ನು ನೋಡಿದ. “ಸಿಕ್ರ ತಿಳಸ್ರಿ. ನಮ್ಮ ಪಲಟನ್ನಿನ್ಯಾಗ ಒಬ್ಬ ತಪ್ಪಿಸಿಕೊಂಡಾನ,” ಎಂದ. ಆದರೂ ಸಾಹೇಬರು ಪರವಾನಗಿ ತೋರಿಸುವ ತನಕ ನನ್ನನ್ನು ಮಾಳಿಗೆಯಿಂದ ಇಳಿಯಲು ಬಿಡಲಿಲ್ಲ. ತನ್ನ ಕೆಲಸವನ್ನು ಅವನು ಬರೋಬರ್ ಮಾಡಿದ. ನನಗೆ ಅದು ಮೆಚ್ಚುಗೆಯಾಯಿತು.

ಕಾಡಿನಲ್ಲಿ ಆದ ದೊಡ್ಡ ಫಜೀತಿ ಒಂದಿದೆ. ಒಂದು ಬೆಳಗ್ಗೆ ಜೀಪಿನಲ್ಲಿ ಕೂತೇ ಆಂಟೆನಾ ಹೊರಗೆ ಹಿಡಿದಿದ್ದೆವು. ಬಲವಾದ ಟಿಕ್ ಟಿಕ್ ಬಂತು. ನಾವು ಜಲ್ದಿ ಓಡಿಸಿದಂತೆ ಅದೂ ಜಲ್ದಿಯಾಗುತ್ತದೆ, ನಿಧಾನಿಸಿದರೆ ನಿಧಾನ. “ಈ ಮುಸುವ ನಮ್ಮನ್ನು ನೋಡುತ್ತ ಜತೆಗೇ ಓಡುತ್ತಿದೆ,” ಎಂದ ಸಾಹೇಬರ ಕಣ್ಣುಗಳು ಅರಳಿದವು. ಅರ್ಧ ಕಾಡು ಸುತ್ತಿದೆವು. ಪೆಟ್ರೋಲು ಮುಗಿದು ಜೀಪು ನಿಂತಿತು, ಟಿಕ್ ಕೂಡ ನಿಂತಿತು. ನಾವು ಬೆನ್ನು ಹತ್ತಿದ್ದುದು ನಮ್ಮ ಜೀಪಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು. ಮೊದಲು ನಕ್ಕವರು ಸಾಹೇಬರೇ. “ಇಂಜಿನ್ ಬಂದ್ ಮಾಡದೆ ಯಾರೂ ಕಿವಿ ಕೊಡಬಾರದು,” ಎಂದು ಅವತ್ತೇ ಆಫೀಸಿನ ಗೋಡೆಗೆ ಬರೆಸಿದರು. ಹುಡುಗರೇ, ಮೇಲಿನವರು ಇಂಥವರಾಗಿದ್ದರೆ ಬಿಡಬೇಡಿ.

ಇನ್ನು ಮೊದಲು ಹೇಳಿದ ವನಮಾನುಷನ ಆ ದೊಡ್ಡ ಪಟ್ಟಿಯ ವಿಷಯ. ಪರದೇಶದಿಂದ ಒಂದು ದೊಡ್ಡ ಟ್ರಾನ್ಸ್‌ಮಿಟರ್ ತರಿಸಲು ಸಾಹೇಬರು ವರ್ಷಗಟ್ಟಲೆ ದಿಲ್ಲಿಗೆ ಅಲೆದಿದ್ದರು. ಅದು ವನಮಾನುಷ ಸಿಕ್ಕ ದಿನ ಅದಕ್ಕೇ ಕಟ್ಟಲಿಕ್ಕೆ. ಇದ್ದದ್ದು ಒಂದೇ, ಇನ್ನೊಂದು ಬರುವ ಹಾಗಿರಲಿಲ್ಲ. ಅಳತೆ? ಪುಸ್ತಕದಲ್ಲಿ ಚಿಂಪಾಂಜಿಯ ಕುತ್ತಿಗೆ ನೋಡಿದರು, ಸಣ್ಣದೆನಿಸಿತು. ಮಹಾಲ ಪೇಟೆಯ ಒಂದು ತಾಲೀಮಿಗೆ, ಅಂದರೆ ಗರಡಿಗೆ, ಹೋಗಿ ಪೈಲವಾನನ ಕುತ್ತಿಗೆ ಅಳೆದೆವು. “ಹಾರ ಹಾಕಲಿಕ್ಕಾ?” ಎಂದು ಅವನು ಎದೆ ಉಬ್ಬಿಸಿದ. ರಜಾಕ್ ನಿಜ ಹೇಳಿದ ಮೇಲೆ ನಮ್ಮನ್ನು ಹೊರಗೆ ಹಾಕಿದ. ನಾನು ಪೈಲವಾನನ ಅಳತೆಗೆ ನಾಲ್ಕು ಬೆರಳು ಸೇರಿಸಿ ಹೊಲಿದೆ. ಆ ಪಟ್ಟಿ ಕಪಾಟಿನಲ್ಲಿ ಕೂತಿತು. ಸಾಹೇಬರು ಆಗಾಗ ತೆಗೆದು ಎಣ್ಣೆ ಒರೆಸಿ ಮತ್ತೆ ಇಡುತ್ತಿದ್ದರು.

ಮುಂದೆ ಒಂದು ಬೇಸಿಗೆಯ ಆರಂಭದಲ್ಲಿ ಸುದ್ದಿ ಬಂತು. ಬೆಟ್ಟದ ಬುಡದ ಒಂದು ಗೊಂಡರ ಹಳ್ಳಿಯಲ್ಲಿ ವನಮಾನುಷ ಕಾಣಿಸಿಕೊಂಡಿದೆ. ಕಂಡವಳು ಫುಲವಂತಾಬಾಯಿ, ಹಿಪ್ಪೆ ಹೂವು ಆರಿಸುವ ಹೆಂಗಸರ ಮುಂದಾಳು. ಆ ಕಡೆಯವರು ಮೋಹಾ ಎನ್ನುವ ಈ ಹೂವು ಬೆಳಕು ಹರಿಯುವ ಹೊತ್ತಿಗೆ ಉದುರುತ್ತದೆ. ಹೆಂಗಸರು ಬುಟ್ಟಿ ಹಿಡಿದು ಆಗಲೇ ಕಾಡಿಗೆ ಹೋಗಬೇಕು. ಆರಿಸಿ ಒಣಗಿಸಿ ಇಟ್ಟರೆ ಮಳೆಗಾಲವಿಡೀ ಅದೇ ಊಟ, ಮಾರಿದರೆ ಅದೇ ಉಪ್ಪು ಎಣ್ಣೆ. ಈಗ ಒಬ್ಬಳೂ ಮನೆಯಿಂದ ಹೊರಬೀಳುತ್ತಿರಲಿಲ್ಲ. ಫುಲವಂತಾಳ ನಾದಿನಿಯ ಹೆಗಲನ್ನು ಅದು ಸೀಳಿಹಾಕಿತ್ತು. ಕಾಡಿನಲ್ಲಿ ಹೂವು ಉದುರಿ ಕೊಳೆಯುತ್ತಿತ್ತು.

ನಾವು ಆ ಹಳ್ಳಿಗೆ ಹೋದೆವು. ಸಾಹೇಬರು ಫುಲವಂತಾಳನ್ನು ಕೇಳಿದರು, “ಹೇಗಿತ್ತು?”

“ಎರಡ ಕಾಲಮ್ಯಾಲ ನಿಂತಿತ್ತು. ಮೈಮ್ಯಾಗ ಕೂದಲಿಲ್ಲ. ಮುದುಕನ ಹಂಗ ಸುಕ್ಕು. ಎರಡೂ ಕೈ ಮ್ಯಾಲ ಎತ್ತಿ ಒದರಿತು. ನನ್ನ ಗಂಡನೂ ಹಂಗ ಒದರತಾನ, ಆದ್ರ ಅವನ ಉಗುರು ಅಷ್ಟುದ್ದ ಇಲ್ಲ.”

ಆಮೇಲೆ ಅವಳು ಸಾಹೇಬರ ಎದುರು ನೆಟ್ಟಗೆ ನಿಂತು ಕೇಳಿದಳು, “ನಾಳೆ ನಾವು ಹೂವಿಗೆ ಹೋಗಬೇಕೋ ಬ್ಯಾಡೋ? ಅದನ್ನ ಹೇಳು.”

ಅದನ್ನು ತಿಳಿಯಲು ಆ ಸುತ್ತಿನ ಮುಸುವಗಳ ಟಿಕ್ ಹಿಡಿದು ಗೆರೆ ಎಳೆದೆವು. ಹಳ್ಳದ ಕಡೆಯ ಹಿಪ್ಪೆ ಮರಗಳನ್ನು ಬಿಟ್ಟು ಗುಂಪುಗಳೆಲ್ಲ ಮೇಲಿನ ಗುಡ್ಡ ಸೇರಿದ್ದವು. ಸಾಹೇಬರ ಲೆಕ್ಕಾಚಾರ ಹೇಳಿದ್ದು ಇದನ್ನೇ! ಅವು ಹೆದರಿ ಹೋದವೋ, ಮೇಲೆ ಚಿಗುರು ಸಿಕ್ಕಿತೆಂದು ಹೋದವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಹಳ್ಳದ ಪಕ್ಕದ ಮರದ ಮೇಲೆ ಮಚಾನು ಕಟ್ಟಿ ನಸುಕಿನಲ್ಲಿ ಹತ್ತಿ ಕೂತೆವು. ಸಾಹೇಬರು, ರಜಾಕ್, ನಾನು, ಜತೆಗೆ ಫುಲವಂತಾ.

ಬೆಳಕಾಗುತ್ತಿದ್ದಂತೆ ಅದು ಬಂತು. ಸುಳ್ಳಲ್ಲ, ಎರಡು ಕಾಲಿನ ಮೇಲೆ ಎದ್ದು ನಿಂತಿತು. ಬೂದಿಬಣ್ಣದ ಬರಿಮೈ, ಜೋತುಬಿದ್ದ ಚರ್ಮ, ಎದೆಯ ಮುಂದೆ ಇಳಿಬಿಟ್ಟ ಕೈಗಳು. ರಜಾಕ್ ‘ಯಾ ಅಲ್ಲಾ’ ಎಂದದ್ದು ಬರೀ ತುಟಿಯಲ್ಲಿ. ಸಾಹೇಬರು ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆಯಿತು.

ಆಮೇಲೆ ಅದು ನಾಲ್ಕು ಕಾಲಿಗೆ ಇಳಿಯಿತು. ಹತ್ತಿರದ ಹುತ್ತವನ್ನು ಉಗುರಿನಿಂದ ಕೆದರಿ, ತೂತಿಗೆ ಮೂತಿ ಇಟ್ಟು, ಬಿಸಿ ಚಹಾ ಎಳೆದಂತೆ ಜೋರಾಗಿ ಗೆದ್ದಲು ಎಳೆಯತೊಡಗಿತು.

ಹಾಗೆ ತಿನ್ನುವ ಪ್ರಾಣಿ ಆ ಕಾಡಿನಲ್ಲಿ ಒಂದೇ. ಸಾಹೇಬರು ನನ್ನ ಕೈ ಬಿಟ್ಟರು. “ಕರಡಿ,” ಎಂದರು. “ಕಜ್ಜಿ ಹತ್ತಿ ಕೂದಲೆಲ್ಲ ಉದುರಿದೆ.” ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಬಲ್ಲೆ. ಆದರೆ ಮೊದಲು ಹೇಳಿದವರು ಅವರೇ. ಫೋಟೋ ತೆಗೆದು, ಎರಡು ಕಾಲಿನ ಮೇಲೆ ನಿಂತದ್ದನ್ನಷ್ಟೇ ಪೇಪರಿಗೆ ಕೊಟ್ಟಿದ್ದರೆ ದೇಶವೆಲ್ಲ ನಂಬುತ್ತಿತ್ತು. ಅವರು ಕೊಡಲಿಲ್ಲ.

ಕೆಳಗಿಳಿದ ಮೇಲೆ ಫುಲವಂತಾ ಬಿಡಲಿಲ್ಲ. “ಕರಡಿನ ಇರಲಿ, ಭೂತನ ಇರಲಿ. ನಿನಗ ಒಂದೊಂದ ಮಂಗ್ಯಾ ಎಲ್ಲೈತಿ ಅಂತ ಗೊತ್ತಾಗತೈತಿ. ಇದು ಎಲ್ಲೈತಿ ಅಂತ ನಮಗ ಹೇಳು. ನಾವು ಅದು ಇಲ್ಲದ ಕಡೆ ಹೋಗತೀವಿ.”

ಮಂಗನ ಪಟ್ಟಿ ಕರಡಿಯ ಕಾಲಿಗೂ ಸಾಲದು. ಇದ್ದದ್ದು ಕಪಾಟಿನ ಆ ದೊಡ್ಡ ಪಟ್ಟಿಯೊಂದೇ. ಅದನ್ನು ಇದಕ್ಕೆ ಕಟ್ಟಿದರೆ ವನಮಾನುಷನಿಗೆ ಏನೂ ಉಳಿಯದು, ಸಾಹೇಬರ ಹುಡುಕಾಟ ಅಲ್ಲಿಗೇ ಮುಗಿದಂತೆ. ಜೀಪಿನ ಬಾನೆಟ್ಟಿಗೆ ಒರಗಿ ನಿಂತೆವು.

ರಜಾಕ್ ಹೇಳಿದ, “ಬ್ಯಾಡ್ರೀ ಸಾಹೇಬ್. ನಾಳೆ ಖರೇನ ಅದು ಎದುರಿಗೆ ಬಂದ್ರ ಕೊಳ್ಳಿಗೆ ಸುತಳಿ ಕಟ್ಟೂದೇನು?”

ಸಾಹೇಬರು ನನ್ನ ಕಡೆ ತಿರುಗಿದರು. “ಶಾಂತಾಬಾಯಿ, ನೀವು?”

“ಇವರ ಹೂವು ನಾಳೆನೂ ಉದರತೈತ್ರೀ. ನಾಡಿದ್ದೂ ಉದರತೈತಿ. ಕಾಲ ಮುಗದ ಮ್ಯಾಲ ಇಲ್ಲ,” ಎಂದೆ.

ಅವರು ಒಮ್ಮೆ ಹಳ್ಳದ ಕಡೆ ನೋಡಿದರು. ಎಲ್ಲೋ ಅಲ್ಲಿಯೇ ಹರೆಯದಲ್ಲಿ ಆ ಹೆಜ್ಜೆ ಕಂಡಿದ್ದರೋ ಏನೋ, ನಾನು ಕೇಳಲಿಲ್ಲ. “ನಾಗಪುರಕ್ಕೆ ಹೋಗಿ ತನ್ನಿ. ಕರಡಿಯ ಅಳತೆಗೆ ತಗ್ಗಿಸಬೇಕು,” ಎಂದರು.

ಕರಡಿಗೆ ಕುತ್ತಿಗೆಯೂ ತಲೆಯೂ ಹೆಚ್ಚುಕಡಿಮೆ ಒಂದೇ ದಪ್ಪ. ಪಟ್ಟಿ ಸಡಿಲಾದರೆ ಕಿತ್ತೆಸೆಯುತ್ತದೆ, ಬಿಗಿಯಾದರೆ ಗಾಯ. ಅದರಲ್ಲೂ ಇದರ ಚರ್ಮ ಹಸಿಹಸಿ. ಕಾಮಠಿಯ ಹಳೆಯ ಅಂಗಡಿಗೆ ಹೋಗಿ, ಕುದುರೆಯ ಜೀನಿನ ಕೆಳಗೆ ಹಾಕುವ ಮೆತ್ತನೆಯ ಉಣ್ಣೆಯ ನಮದಾ ತಂದೆ. ಹೊಲಿಗೆ ಬಿಚ್ಚಿ, ನಾಲ್ಕು ಬೆರಳು ತೆಗೆದು, ಒಳಗೆ ನಮದಾ ಕೊಟ್ಟು, ಮೇಣದ ದಾರದಲ್ಲಿ ಮತ್ತೆ ಹೊಲಿದೆ. ನಾನು ಹಳ್ಳಿಗೆ ಮರಳುವಷ್ಟರಲ್ಲಿ ಸಾಹೇಬರು ಊರವರನ್ನು ಕೂಡಿಕೊಂಡು ಬೋನಿಗೆ ಬೆಲ್ಲ, ಹಿಪ್ಪೆ ಹೂವು ಹಾಕಿ ಕರಡಿಯನ್ನು ಹಿಡಿದಿದ್ದರು. ದನದ ಡಾಕ್ಟರು ಮದ್ದು ಚುಚ್ಚಿ ಮಲಗಿಸಿ ಕಜ್ಜಿಗೆ ಔಷಧ ಬಳಿದರು. ಪಟ್ಟಿ ಕಟ್ಟಿದವಳು ನಾನು. ಅದರ ಬಾಯಿಯ ನಾತ ಇನ್ನೂ ನೆನಪಿದೆ. ಎರಡು ಬೆರಳು ತೂರುವಷ್ಟು ಬಿಟ್ಟು ಬಿಗಿದೆ. ಎಚ್ಚರಾಗಿ ಕಾಡಿಗೆ ನುಗ್ಗಿದ ಮೇಲೆ ಹೆಡ್‌ಫೋನ್ ಹಚ್ಚಿದೆ. ಟಿಕ್ ಟಿಕ್, ಸ್ವಚ್ಛವಾಗಿ.

ಹೆಂಗಸರು ಒಂದೇ ಸಲಕ್ಕೆ ನಂಬಿದರೇ? ಇಲ್ಲ. ಹೆಡ್‌ಫೋನನ್ನು ಒಬ್ಬೊಬ್ಬಳೂ ಕಿವಿಗಿಟ್ಟು ನೋಡಿದಳು.

“ಇದು ಅದರ ಎದಿ ಬಡಿಯೂದೇನು?” ಎಂದಳು ಫುಲವಂತಾ.

“ಅಲ್ಲ, ಬ್ಯಾಟರಿ.”

“ಅಷ್ಟು ಗಟ್ಟಿ ಗೊತ್ತಿದ್ರ ಗುಡ್ಡದ ಮ್ಯಾಲ ಯಾಕ ನಿಲ್ಲತಿ ಕಾನಡೀ ಬಾಯಿ? ನಮ್ಮ ಮುಂದ ನಡಿ.”

ಮಾತು ಸರಿಯಾಗಿತ್ತು. ಆಂಟೆನಾ ಹಿಡಿದು ಮುಂದೆ ನಡೆದೆ, ನನ್ನ ಹಿಂದೆ ಬುಟ್ಟಿಗಳ ಸಾಲು. ರಜಾಕ್ ಗುಡ್ಡದ ಮೇಲಿನಿಂದ ದಿಕ್ಕು ಹಿಡಿದು, ಕರಡಿ ಇರುವ ಕಡೆಗೆ ಉದ್ದ ಬಿದಿರಿನ ತುದಿಯಲ್ಲಿ ಕೆಂಪು ಬಟ್ಟೆ ಚಾಚುತ್ತಿದ್ದ. ಸಾಹೇಬರು ನನ್ನ ಪಕ್ಕದಲ್ಲಿ, ಕೈಯಲ್ಲಿ ಬರೀ ಒಂದು ಕೋಲು.

ಮೊದಲ ದಿನವೇ ಪರೀಕ್ಷೆಯಾಯಿತು. ಎಲ್ಲಕ್ಕಿಂತ ದೊಡ್ಡ ಮರ ಎದುರಿಗೇ ಕಾಣುತ್ತಿತ್ತು, ಬುಡದಲ್ಲಿ ಹೂವು ಹಾಸಿದಂತೆ ಬಿದ್ದಿತ್ತು. ನನ್ನ ಕಿವಿಯಲ್ಲಿ ಟಿಕ್ ಜೋರಾಯಿತು. ನಿಲ್ಲಿ ಎಂದೆ.

“ಅಲ್ಲಿ ಏನೂ ಕಾಣಂಗಿಲ್ಲ,” ಎಂದಳು ಫುಲವಂತಾ.

“ಆ ಪೊದಿ ಹಿಂದ ಐತಿ.”

“ಬಿಸಲಾದ್ರ ಹೂವು ಬಾಡತಾವ. ನನ್ನ ಮಳಿಗಾಲ ಅಲ್ಲಿ ಬಿದ್ದೈತಿ!”

“ಬಿದ್ದಿರಲಿ. ನೀ ಕೂಡು.”

ಅವಳು ನನ್ನನ್ನು ಬೈಯುತ್ತಲೇ ಕೂತಳು. ಅವಳ ಭಾಷೆಯ ಬೈಗುಳ ನನಗೆ ಪೂರ್ತಿ ತಿಳಿಯಲಿಲ್ಲ, ಒಳ್ಳೆಯದೇ ಆಯಿತು. ಪೊದೆ ಅಲುಗಾಡಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡತೊಡಗಿದರು. ಯಂತ್ರ ಸುಳ್ಳಾಗಿದ್ದರೆ ಅವರು ಮತ್ತೆಂದೂ ನಮ್ಮ ಹಿಂದೆ ಬರುತ್ತಿರಲಿಲ್ಲ. ಖರೆಯಾಗಿದ್ದು ನಾನು ಬಿಟ್ಟಿದ್ದರೆ ಇನ್ನೊಂದು ಹೆಗಲು ಹರಿಯುತ್ತಿತ್ತು. ಟಿಕ್ ಥಟ್ಟನೆ ಚುರುಕಾಯಿತು. ಕುತ್ತಿಗೆ ಅಲ್ಲಾಡಿದರೆ ಹಾಗಾಗುತ್ತದೆ. ಪೊದೆಯಿಂದ ಆ ಬರಿಮೈ ಎದ್ದು ಬಂತು. ಮರದ ಬುಡದಲ್ಲಿ ಸಾವಕಾಶ ಹೂವು ತಿಂದಿತು, ನಮ್ಮ ಕಡೆ ಮೂಗೆತ್ತಿತು, ಹಳ್ಳಕ್ಕೆ ಇಳಿದು ಹೋಯಿತು. ಟಿಕ್ ಸಣ್ಣದಾಗಿ, ಇನ್ನೂ ಸಣ್ಣದಾಗಿ ದೂರವಾದ ಮೇಲೆ “ಈಗ ಹೋಗ್ರಿ,” ಎಂದೆ. ಫುಲವಂತಾ ಎದ್ದು ಹೋಗಿ ಬಗ್ಗಿ ಆರಿಸತೊಡಗಿದಳು. ಮರುದಿನದಿಂದ ನಾನು ನಿಲ್ಲು ಎಂದಲ್ಲಿ ಎಲ್ಲರಿಗಿಂತ ಮೊದಲು ಕೂಡುತ್ತಿದ್ದವಳು ಅವಳೇ.

ಹೂವಿನ ಕಾಲ ಮುಗಿಯುವ ತನಕ ಹೀಗೆಯೇ ನಡೆಯಿತು. ಒಬ್ಬ ಹೆಂಗಸಿಗೂ ಉಗುರು ತಾಗಲಿಲ್ಲ. ಸಾಹೇಬರು ದಿಲ್ಲಿಗೆ ವರದಿ ಕಳಿಸಿದರು: ವನಮಾನುಷ ಸಿಗಲಿಲ್ಲ, ಪಟ್ಟಿಯನ್ನು ಕರಡಿಗೆ ಕಟ್ಟಲಾಯಿತು. ಆ ಯೋಜನೆ ಅಲ್ಲಿಗೆ ಬಂದ್ ಆಯಿತು. ಮುಂದೆ ದಿಲ್ಲಿಯವರು ನಮಗೆ ಊರ ಸಮೀಪ ಬರುವ ಕರಡಿ, ಚಿರತೆಗಳ ಕೆಲಸ ಕೊಟ್ಟರು. ನಾನು ನಿವೃತ್ತಿಯ ತನಕ ಅದನ್ನೇ ಮಾಡಿದೆ. ಸಿಗಲಿಲ್ಲ ಎಂದು ಬರೆಯಲು ಎದೆ ಬೇಕು. ಅಂಥವರ ಕೈಕೆಳಗೆ ದುಡಿದೆ ಎಂದು ನಾನು ಯಾರೆದುರೂ ತಲೆ ಎತ್ತಿ ಹೇಳುತ್ತೇನೆ.

ನಾವು ಹಳ್ಳಿ ಬಿಡುವ ದಿನ ಹೆಂಗಸರು ಅಂಗಳದಲ್ಲಿ ಒಣಗಿದ ಹೂವನ್ನು ಪಾಲು ಹಾಕುತ್ತಿದ್ದರು. ಆರಿಸುವಾಗ ಕಾವಲು ನಿಂತವರಿಗೂ ಪಾಲು ಕೊಡುವುದು ಅಲ್ಲಿಯ ವಾಡಿಕೆ. ಸಾಹೇಬರಿಗೆ, ರಜಾಕನಿಗೆ, ನನಗೆ ಒಂದೊಂದು ಗುಂಪೆ ಬಿತ್ತು. ಫುಲವಂತಾ ಇನ್ನೂ ಒಂದು ಬುಟ್ಟಿ ತುಂಬಿ ಪಕ್ಕಕ್ಕಿಟ್ಟಳು.

“ಇದು ಯಾರಿಗೆ?” ಎಂದೆ.

“ಕರಡಿಗೆ.”

“ಅದು ತನ್ನ ಪಾಲು ಯಾವಾಗೋ ತಿಂದೈತಿ.”

“ತಿಂದದ್ದು ಅದರ ಹಕ್ಕು. ಇದು ಪಟ್ಟಿ ಕಟ್ಟಿಕೊಂಡು ತಿರುಗಿದ್ದಕ್ಕ ಮಜೂರಿ.”

ಸಾಹೇಬರು ಎದ್ದರು. ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು, ಯಾರನ್ನೂ ಕರೆಯದೆ, ಆ ದೊಡ್ಡ ಮರದ ಕಡೆ ಒಬ್ಬರೇ ನಡೆದರು. ನಾನು ಹೆಡ್‌ಫೋನ್ ಹಾಕಿಕೊಂಡು ಆಂಟೆನಾ ಎತ್ತಿ ಹಿಡಿದೆ. ಕರಡಿ ಹಳ್ಳದ ಆಚೆ, ದೂರದಲ್ಲಿ ಮಲಗಿತ್ತು. ಸಾಹೇಬರು ಬುಟ್ಟಿ ಸುರಿದು ಮರಳಿ ಅಂಗಳಕ್ಕೆ ಕಾಲಿಡುವ ತನಕ ನಾನು ಕೈ ಇಳಿಸಲಿಲ್ಲ.